ಜಾರುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್: ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಸದಸ್ಯ 1: ನಮಸ್ಕಾರ ಸರ್. ನನ್ನದು ಡೀಸೆಲ್ ವ್ಯಾನ್, ಐದು ಗೇರಿನ ಆಟೋಮ್ಯಾಟಿಕ್. ಒಳಗೆ ಮಂಚ, ನೀರಿನ ಟ್ಯಾಂಕ್, ಬ್ಯಾಟರಿ ಎಲ್ಲ ಕೂರಿಸಿದ್ದೇನೆ. ಎಳೆತ ಸಾಲದೆ ಇಂಜಿನ್‌ಗೆ ಟ್ಯೂನಿಂಗ್ ಬಾಕ್ಸ್ ಹಾಕಿಸಿದೆ. ಈಗ ಏರಿನಲ್ಲಿ, ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ವೇಗ ಮಾತ್ರ ಏರುವುದಿಲ್ಲ. ಗಟ್ಟಿ ಕ್ಲಚ್ ಪ್ಲೇಟ್‌ಗಳ ಕಿಟ್ ಹಾಕಿಸಿದರೆ ಸರಿಹೋಗುತ್ತದೆಯೇ?

ಮೆಕ್ಯಾನಿಕ್: ಕಿಟ್ ವಿಷಯ ಆಮೇಲೆ ನೋಡೋಣ. ಆ ಬಾಕ್ಸ್‌ನ ವೈರ್ ಯಾವ ಸೆನ್ಸರ್‌ಗೆ ಹೋಗಿದೆ? ಗೇರ್‌ಬಾಕ್ಸ್ ಆಯಿಲ್‌ನ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ಬಣ್ಣ, ವಾಸನೆ ಹೇಳಿ.

ಸದಸ್ಯ 2: ಸರ್, ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಬಂದಿದೆ. ಸ್ವಲ್ಪ ಬ್ರೇಕ್ ಆಯಿಲ್ ಸುರಿದರೆ ಸೀಲ್‌ಗಳು ಉಬ್ಬಿ ಜಾರುವುದು ನಿಲ್ಲುತ್ತದೆಯಂತೆ. ಹಾಕಬಹುದೇ?

ಮೆಕ್ಯಾನಿಕ್: ಹಾಕಬೇಡಿ. ಸೀಲ್ ಉಬ್ಬುವುದು ನಿಜ. ಆಮೇಲೆ ಅದೇ ಸೀಲ್ ಮೆತ್ತಗಾಗಿ ಹಾಳಾಗುತ್ತದೆ. ಒಂದು ಸೀಲ್‌ನ ತೊಂದರೆ ಇಡೀ ಗೇರ್‌ಬಾಕ್ಸ್‌ನ ತೊಂದರೆಯಾಗುತ್ತದೆ.

ಸದಸ್ಯ 3: ಕಾರು 60ರ ವೇಗದಲ್ಲಿ ಇದ್ದಾಗ ಒರಟು ರಸ್ತೆಯ ಮೇಲೆ ಹೋದಂತೆ ನಡುಗುತ್ತದೆ. ಕಾರಣವೇನು ಸರ್?

ಸದಸ್ಯ 1: ವೈರ್ ರೈಲ್ ಪ್ರೆಷರ್ ಸೆನ್ಸರ್‌ಗೆ ಹೋಗಿದೆ ಸರ್. ಹನಿ ಕಾಫಿ ಬಣ್ಣಕ್ಕಿದೆ, ಸುಟ್ಟ ವಾಸನೆ ಇದೆ. ಬೆರಳಲ್ಲಿ ಉಜ್ಜಿದರೆ ಕಪ್ಪು ಪುಡಿ ಸಿಗುತ್ತದೆ.

ಮೆಕ್ಯಾನಿಕ್: ನನಗೆ ಇದೇ ಅನುಮಾನವಿತ್ತು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಈ ಬಗೆಯ ಬಾಕ್ಸ್ ಇಂಜಿನ್ ಕಂಪ್ಯೂಟರ್‌ಗೆ ಸುಳ್ಳು ಹೇಳುತ್ತದೆ. ರೈಲಿನಲ್ಲಿ, ಅಂದರೆ ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಪೈಪಿನಲ್ಲಿ, ಇರುವುದಕ್ಕಿಂತ ಕಡಿಮೆ ಒತ್ತಡ ಇದೆ ಎಂದು ತೋರಿಸುತ್ತದೆ. ಕಂಪ್ಯೂಟರ್ ಒತ್ತಡ ಏರಿಸುತ್ತದೆ, ಹೆಚ್ಚು ಡೀಸೆಲ್ ಒಳಗೆ ಹೋಗುತ್ತದೆ, ಟಾರ್ಕ್ (ತಿರುಗಿಸುವ ಬಲ) ಏರುತ್ತದೆ. ಆದರೆ ಕಂಪ್ಯೂಟರ್‌ನ ಲೆಕ್ಕದಲ್ಲಿ ಹಳೆಯ ಟಾರ್ಕ್ ಹಾಗೆಯೇ ಇರುತ್ತದೆ, ಗೇರ್‌ಬಾಕ್ಸ್‌ಗೂ ಅದನ್ನೇ ತಿಳಿಸುತ್ತದೆ. ಗೇರ್‌ಬಾಕ್ಸ್ ಆ ಅಂಕಿಯನ್ನು ನಂಬಿ ತನ್ನೊಳಗಿನ ಕ್ಲಚ್ ಪ್ಲೇಟ್‌ಗಳನ್ನು ಆಯಿಲ್ ಒತ್ತಡದಿಂದ ಎಷ್ಟು ಬಿಗಿಯಾಗಿ ಒತ್ತಬೇಕೆಂದು ತೀರ್ಮಾನಿಸುತ್ತದೆ. ಇಂಜಿನ್ 380 ನ್ಯೂಟನ್ ಮೀಟರ್ ಕೊಡುತ್ತಿರುವಾಗ 300ಕ್ಕೆ ಸಾಕಾಗುವಷ್ಟು ಒತ್ತಡ ಮಾತ್ರ ಸಿಕ್ಕಿದರೆ ಪ್ಲೇಟ್ ಜಾರದೆ ಇನ್ನೇನಾಗುತ್ತದೆ? ಅದರ ಮೇಲೆ ನೀರಿನ ಟ್ಯಾಂಕ್, ಬ್ಯಾಟರಿಗಳ ಭಾರ. ಗಟ್ಟಿ ಪ್ಲೇಟ್ ಹಾಕಿದರೂ ಒತ್ತುವ ಕೈ ಅದೇ. ಹೊಸ ಪ್ಲೇಟ್‌ಗಳೂ ಸುಡುತ್ತವೆ.

ಮೊದಲು ಟ್ಯೂನಿಂಗ್ ಬಾಕ್ಸ್ ಕಳಚಿ. ಅದೇ ಏರಿನಲ್ಲಿ, ಸ್ಕ್ಯಾನರ್ ಹಾಕಿ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಒಮ್ಮೆ ಮಾತ್ರ ಓಡಿಸಿ. ನಾಲ್ಕನೇ ಗೇರ್ 1:1 ಆಗಿದ್ದರೆ ಗೇರ್‌ಬಾಕ್ಸ್ ಒಳಗೆ ಬರುವ ಸುತ್ತು, ಹೊರಗೆ ಹೋಗುವ ಸುತ್ತು ಎರಡೂ ಸಮ ಇರಬೇಕು. ಇಂಜಿನ್ ಸುತ್ತನ್ನೂ ಬರೆದುಕೊಳ್ಳಿ, ಆಯಿಲ್‌ನ ತಾಪವನ್ನೂ ನೋಡಿ. 120 ಡಿಗ್ರಿ ದಾಟಿದರೆ ಅಲ್ಲೇ ನಿಲ್ಲಿಸಿ.

ಸದಸ್ಯ 4: ಇಷ್ಟೆಲ್ಲ ಏಕೆ? ಮಷೀನ್ ಹಾಕಿ ಹಳೆಯ ಆಯಿಲ್ ಹೊರತಳ್ಳಿ ಹೊಸದು ತುಂಬಿಸಿ, ಪೂರ್ತಿ ಫ್ಲಶ್ ಮಾಡಿಸಿದರೆ ಸಾಕು. ನನ್ನ ಕಾರು ಹಾಗೆಯೇ ಸರಿಯಾಯಿತು.

ಸದಸ್ಯ 5: ಫ್ಲಶ್ ಮಾಡಿಸಿದ ಮರುವಾರವೇ ನನ್ನ ಗಾಡಿ ನಿಂತುಹೋಯಿತು. ತಿಳಿಯದೆ ಸಲಹೆ ಕೊಡಬೇಡಿ.

ಸದಸ್ಯ 4: ನಿಮ್ಮದು ಮೊದಲೇ ಕೆಟ್ಟಿತ್ತು. ಅದಕ್ಕೆ ಫ್ಲಶ್ ಏನು ಮಾಡೀತು?

ಸದಸ್ಯ 5: ನೋಡದ ಗಾಡಿಯ ಬಗ್ಗೆ ಹೇಗೆ ಹೇಳುತ್ತೀರಿ? ಇಲ್ಲಿ ಎಲ್ಲರೂ ಪರಿಣತರೇ.

ಮೆಕ್ಯಾನಿಕ್: ಇಬ್ಬರೂ ನಿಲ್ಲಿಸಿ. ಸುಟ್ಟ ಪ್ಲೇಟ್‌ಗೆ ಹೊಸ ಆಯಿಲ್ ಮದ್ದಲ್ಲ. ಕಾಲಕಾಲಕ್ಕೆ ಬದಲಾಯಿಸುವುದು ಬೇರೆ, ಜಾರಿದ ಮೇಲೆ ಫ್ಲಶ್ ಮಾಡುವುದು ಬೇರೆ.

ಸದಸ್ಯ 6: ಯಾವ ಆಯಿಲ್ ಒಳ್ಳೆಯದು ಸರ್?

ಮೆಕ್ಯಾನಿಕ್: ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬರೆದಿರುವುದು.

ಸದಸ್ಯ 7: ಆಟೋಮ್ಯಾಟಿಕ್‌ಗೆ ಯಾವ ಆಯಿಲ್ ಹಾಕಬೇಕು?

ಮೆಕ್ಯಾನಿಕ್: ಮೇಲೆ ಹೇಳಿದ್ದೇನೆ.

ಸದಸ್ಯ 2: ಬ್ರೇಕ್ ಆಯಿಲ್ ಬೇಡವಾದರೆ ಜಾರುವಿಕೆ ನಿಲ್ಲಿಸುವ ಬಾಟಲಿ ಬರುತ್ತದಲ್ಲ, ಅದು?

ಮೆಕ್ಯಾನಿಕ್: ಬಾಟಲಿಯಿಂದ ಸುಟ್ಟ ಪ್ಲೇಟ್ ಮತ್ತೆ ಹುಟ್ಟುವುದಿಲ್ಲ. ಇಂಥ ಸಂದೇಶಗಳನ್ನು ಇಲ್ಲಿಗೆ ತರಬೇಡಿ. ಬೆಟ್ಟದ ರಸ್ತೆಯಲ್ಲಿ, ಹಿಂದೆ ಲಾರಿ ಬರುತ್ತಿರುವಾಗ ಗೇರ್ ಕೈಕೊಟ್ಟರೆ ಅದನ್ನು ಕಳಿಸಿದವರು ಬರುವುದಿಲ್ಲ.

ಸದಸ್ಯ 3: ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ ಸರ್.

ಸದಸ್ಯ 1: ಬಾಕ್ಸ್ ಕಳಚಿ ಓಡಿಸಿದೆ ಸರ್. ಇಂಜಿನ್ 2,500, ಒಳಗೆ 2,490, ಹೊರಗೆ 2,150. ನಾಲ್ಕನೆಯದು 1:1. ತಾಪ 108.

ಮೆಕ್ಯಾನಿಕ್: ಇಂಜಿನ್‌ಗೂ ಒಳಗಿನ ಸುತ್ತಿಗೂ ಅಂತರ ಹತ್ತೇ. ಅಂದರೆ ಇಂಜಿನ್‌ನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನಲ್ಲಿ, ಎರಡನ್ನೂ ನೇರವಾಗಿ ಬಿಗಿಯುವ ಲಾಕಪ್ ಕ್ಲಚ್ ಹಿಡಿದಿದೆ. ಒಳಗಿಗೂ ಹೊರಗಿಗೂ 340 ಸುತ್ತಿನ ಅಂತರ ಇದೆ, ಜಾರುತ್ತಿರುವುದು ಒಳಗಿನ ಪ್ಲೇಟ್‌ಗಳೇ. ಬಾಕ್ಸ್ ತೆಗೆದರೂ ನಿಲ್ಲದಿದ್ದರೆ ಅವು ಸುಟ್ಟು ತೆಳುವಾಗಿವೆ. ಇನ್ನು ಓಡಿಸಬೇಡಿ, ಎತ್ತಿಸಿಕೊಂಡು ಹೋಗಿ.

ಬಿಚ್ಚಿದಾಗ ಪ್ಲೇಟ್, ಸೀಲ್ ಎಲ್ಲ ಹೊಸದು ಹಾಕಿಸಿ. ಆಗ ಗಟ್ಟಿ ಪ್ಲೇಟ್‌ಗಳ ಕಿಟ್ ಹಾಕಿಸುವುದಕ್ಕೆ ನನ್ನ ಅಭ್ಯಂತರವಿಲ್ಲ. ಆಯಿಲ್ ಒತ್ತಡವನ್ನು ಹಂಚುವ ವಾಲ್ವ್ ಬಾಡಿಯನ್ನು ತೊಳೆಸಿ. ಕನ್ವರ್ಟರ್ ಹಿಡಿದಿದ್ದರೂ ಹಳೆಯದನ್ನು ಹಾಗೆಯೇ ಕೂರಿಸಬೇಡಿ, ಅದರ ಹೊಟ್ಟೆಯಲ್ಲಿ ಕಪ್ಪು ಪುಡಿ ತುಂಬಿರುತ್ತದೆ. ಹಳೆಯ ಆಯಿಲ್ ಕೂಲರ್‌ನಲ್ಲಿ ಉಳಿದ ಪುಡಿಯೂ ಹೊಸ ಗೇರ್‌ಬಾಕ್ಸ್‌ಗೇ ಬರುತ್ತದೆ, ಹೊಸದನ್ನೇ ಹಾಕಿಸಿ, ಸ್ವಲ್ಪ ದೊಡ್ಡದು. ಇನ್ನಷ್ಟು ಎಳೆತ ಬೇಕಿದ್ದರೆ ಇಂಜಿನ್ ಕಂಪ್ಯೂಟರ್‌ನ ಟಾರ್ಕ್ ಲೆಕ್ಕವನ್ನೂ ಗೇರ್‌ಬಾಕ್ಸ್‌ನ ಒತ್ತಡವನ್ನೂ ಒಟ್ಟಿಗೆ ತಿದ್ದಬಲ್ಲವರ ಬಳಿ ಮಾಡಿಸಿ. ಆ ಬಾಕ್ಸ್ ಮಾತ್ರ ಮತ್ತೆ ಬೇಡ.

ಗೇರ್‌ಬಾಕ್ಸ್ ತಳದ ಆಯಿಲ್ ಪ್ಯಾನ್ ಇಳಿಸಿದ ಕೂಡಲೇ, ಒರೆಸುವ ಮೊದಲು, ಅದರೊಳಗಿನ ಅಯಸ್ಕಾಂತದ ಫೋಟೊ ಕಳಿಸಿ. ಬೂದು ಹಿಟ್ಟಿನಂತೆ ಇದ್ದರೆ ಸವೆತ. ಚೂರುಗಳು ನಿಂತಿದ್ದರೆ ಗೇರ್ ಅಥವಾ ಬೇರಿಂಗ್ ಕೂಡ ಹೋಗಿದೆ.