ಊರಿಗೆ ಮರಳಿದ ಮೇಲೆ ಮಕ್ಕಳ ಅಡುಗೆ ಪತ್ರಿಕೆಗಳು: ಕೊಡಗಿಗೆ ತರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬರುವ ವರ್ಷ ಮಕ್ಕಳ ಜೊತೆ ವಿದೇಶದಿಂದ ಗೋಣಿಕೊಪ್ಪದ ಕಡೆಗೆ ಮರಳುತ್ತಿರುವ ಅಕ್ಕ ಒಬ್ಬರು ಇಲ್ಲಿ ಕೇಳಿದ್ದರು: ಮಗನಿಗೆ ಅಲ್ಲಿನ ಅಡುಗೆ ಪತ್ರಿಕೆಗಳೆಂದರೆ ಪ್ರಾಣ, ಆದರೆ ಇಂಡಿಯಾದ ವಿಳಾಸ ಹಾಕಿದ ಕೂಡಲೇ ಚಂದಾ ಹಣ ಹಲವು ಪಟ್ಟು ಏರುತ್ತದೆ, ಏನು ಮಾಡೋಣ ಅಂತ. "ಊರಿಗೆ ಬಂದ ಮೇಲೂ ಅದೆಲ್ಲ ಯಾಕೆ, ಅಜ್ಜಿಯ ಕೈಯಡುಗೆ ಕಲಿಯಲಿ" ಎಂದು ಕೆಲವರು ಉತ್ತರಿಸಿದ್ದೀರಿ. ಆ ಮಾತು ನನಗೆ ಒಪ್ಪಿಗೆಯಿಲ್ಲ. ನಾವು ನ್ಯೂಜೆರ್ಸಿ ಬಿಟ್ಟು ವಿರಾಜಪೇಟೆ ಹತ್ತಿರದ ತೋಟಕ್ಕೆ ಬಂದವರು. ನಮ್ಮ ಮನೆಯಲ್ಲಿ ಎರಡೂ ನಡೆಯುತ್ತಿವೆ, ಒಂದಕ್ಕೊಂದು ಅಡ್ಡ ಬಂದಿಲ್ಲ.

ಬೆಲೆ ಯಾಕೆ ಹಾಗೆ ಏರುತ್ತದೆ ಎಂದು ತಿಳಿದರೆ ದಾರಿಯೂ ಕಾಣುತ್ತದೆ. ಅಮೆರಿಕದ ಹೆಚ್ಚಿನ ಪತ್ರಿಕೆಗಳು ಬದುಕುವುದು ಜಾಹೀರಾತಿನಿಂದ. ಅಲ್ಲಿನ ಓದುಗರ ಸಂಖ್ಯೆ ಹೆಚ್ಚಿದಷ್ಟೂ ಜಾಹೀರಾತಿಗೆ ಬೆಲೆ, ಹಾಗಾಗಿ ಅಲ್ಲಿನವರಿಗೆ ಚಂದಾ ತೀರಾ ಅಗ್ಗ. ವಿರಾಜಪೇಟೆಯ ಓದುಗರು ಅಲ್ಲಿನ ಸೂಪರ್ ಮಾರ್ಕೆಟ್ಟಿಗೆ ಹೋಗುವವರಲ್ಲವಲ್ಲ, ನಮ್ಮಿಂದ ಅವರು ಕಾಗದದ ಖರ್ಚು, ಅಂಚೆ ಖರ್ಚು ಎರಡನ್ನೂ ವಸೂಲು ಮಾಡುತ್ತಾರೆ. 1993ರಲ್ಲಿ ಶುರುವಾದ ಕುಕ್ಸ್ ಇಲ್ಲಸ್ಟ್ರೇಟೆಡ್ ಜಾಹೀರಾತನ್ನೇ ತೆಗೆದುಕೊಳ್ಳದೆ ನಡೆದ ಪತ್ರಿಕೆ, ಅದರ ಚಂದಾ ಅಮೆರಿಕದಲ್ಲೇ ಉಳಿದವಕ್ಕಿಂತ ಹೆಚ್ಚಿತ್ತು.

ಆದ್ದರಿಂದ ಕೊಡಗಿನ ವಿಳಾಸಕ್ಕೆ ನೇರ ಚಂದಾ ಮಾಡಿಸಲೇಬೇಡಿ. ಅಲ್ಲೇ ಇರುವ ಅಣ್ಣನೋ ನಾದಿನಿಯೋ ಅವರ ಮನೆಗೆ ಬರುವಂತೆ ಸ್ಥಳೀಯ ದರದಲ್ಲಿ ಮಾಡಿಸಿ, ಕೂಡಿಟ್ಟು ವರ್ಷಕ್ಕೊಮ್ಮೆಯೋ ಎರಡು ಸಲವೋ ತರಿಸಿಕೊಳ್ಳಿ. ನಮಗೆ ಭಾವ ಕೂಡಿಡುತ್ತಾರೆ. ವರ್ಷದ ಸಂಚಿಕೆಗಳೆಲ್ಲ ಸೇರಿದರೂ ನಾಲ್ಕೈದು ಕಿಲೋ ದಾಟುವುದಿಲ್ಲ, ಸೂಟ್‌ಕೇಸಿನ ತಳದಲ್ಲಿ ಮಟ್ಟಸವಾಗಿ ಕೂರುತ್ತದೆ. ನಮ್ಮ ಜಿಲ್ಲೆಗೆ ಬರುವವರಿಗೇನೂ ಬರವಿಲ್ಲ. ಪುತ್ತರಿ ಹಬ್ಬಕ್ಕೆ ಬರುತ್ತಾರೆ, ಡಿಸೆಂಬರ್ ರಜೆಗೆ ಬರುತ್ತಾರೆ, ಏಪ್ರಿಲ್-ಮೇ ಮದುವೆಗಳಿಗೆ ಬರುತ್ತಾರೆ. 1997ರಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಉತ್ಸವಕ್ಕೆಂದೇ ವಿಮಾನ ಹತ್ತುವ ಕುಟುಂಬಗಳಿವೆ. ಕೇಳಲು ಸಂಕೋಚ ಬೇಡ. ಇಲ್ಲಿಂದ ವಾಪಸ್ ಹೋಗುವಾಗ ಅವರ ಕೈಗೆ ಒಂದು ಬಾಟಲಿ ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿ ರಸ), ಒಂದಿಷ್ಟು ಏಲಕ್ಕಿ ಕೊಟ್ಟರೆ ಎರಡೂ ಕಡೆ ಖುಷಿ.

ಬರುವವರು ಯಾರೂ ಇಲ್ಲದಿದ್ದರೆ ಅಂಚೆ. ಇಂಗ್ಲೆಂಡಿನಲ್ಲಿರುವವರು ಗಮನಿಸಿ: ರಾಯಲ್ ಮೇಲ್‌ನಲ್ಲಿ ವಿದೇಶಕ್ಕೆ ಹೋಗುವ ಸಾಮಾನ್ಯ ಸಣ್ಣ ಪಾರ್ಸೆಲ್ಲಿಗೆ 2 ಕಿಲೋ ಮಿತಿ, ಆದರೆ ಅಚ್ಚಾದ ಕಾಗದಪತ್ರ ಎಂದು ಕಳಿಸಿದರೆ 5 ಕಿಲೋವರೆಗೆ ಬಿಡುತ್ತಾರೆ. ಒಂದೊಂದೇ ಸಂಚಿಕೆಗೆ ಅಂಚೆ ಕಟ್ಟುವುದಕ್ಕಿಂತ ಇದು ಎಷ್ಟೋ ವಾಸಿ. ಅಮೆರಿಕದಲ್ಲಿ ಎಂ-ಬ್ಯಾಗ್ ಎಂಬ ಏರ್ಪಾಡಿದೆ. ಒಬ್ಬರದೇ ವಿಳಾಸಕ್ಕೆ ಹೋಗುವ ಪುಸ್ತಕ-ಪತ್ರಿಕೆಗಳ ಚೀಲ ಅದು. 66 ಪೌಂಡ್, ಅಂದರೆ ಸುಮಾರು 30 ಕಿಲೋವರೆಗೆ ತುಂಬಬಹುದು, ಕಡಿಮೆ ತುಂಬಿದರೂ 11 ಪೌಂಡಿನ ದುಡ್ಡು ಕೊಡಲೇಬೇಕು. ಆಗಾಗ ಕೆಲವು ದೇಶಗಳಿಗೆ ಸೇವೆ ನಿಲ್ಲಿಸುವುದುಂಟು, ಕೌಂಟರಿನಲ್ಲಿ ಒಮ್ಮೆ ವಿಚಾರಿಸಿಯೇ ಚೀಲ ಕಟ್ಟಿಸಿ. ಪುಸ್ತಕಗಳಿಗೆ ಅಲ್ಲಿರುವ ಮೀಡಿಯಾ ಮೇಲ್ ಎಂಬ ಅಂಚೆ ದರ ಅಗ್ಗ ನಿಜ, ಅದು ದೇಶದ ಒಳಗೆ ಮಾತ್ರ. ಇನ್ನೊಂದು ಮಾತು, ಅಚ್ಚಾದ ಕಾಗದದ ದರದಲ್ಲಿ ಕಳಿಸುವಾಗ ಒಳಗೆ ಚಾಕೊಲೇಟು, ಬಟ್ಟೆ, ಮಗುವಿಗೊಂದು ಪತ್ರ ಅಂತ ಏನನ್ನೂ ತುರುಕುವಂತಿಲ್ಲ.

ಇನ್ನು ನಮ್ಮ ಕಡೆಯ ಕಷ್ಟ: ವಿಳಾಸ ಮತ್ತು ಮಳೆ. ಮನೆ ಹೆಸರು, ತೋಟದ ಹೆಸರು, ಗ್ರಾಮ, ಅಂಚೆ, ತಾಲ್ಲೂಕು ಇಷ್ಟೂ ಬೇಕಾಗುವ ವಿಳಾಸ ನಮ್ಮದು, ವಿದೇಶದ ಫಾರಂನಲ್ಲಿ ಇದಕ್ಕೆಲ್ಲ ಜಾಗ ಇರುವುದಿಲ್ಲ. ಪಿನ್ ಕೋಡ್ ಮತ್ತು ಫೋನ್ ನಂಬರ್ ಮಾತ್ರ ದಪ್ಪ ಅಕ್ಷರದಲ್ಲಿ ಇರಲಿ. ನಮ್ಮ ಪೋಸ್ಟ್‌ಮ್ಯಾನ್ ಅಣ್ಣ ಗೇಟಿನವರೆಗೆ ಬರುವ ಮೊದಲು ಫೋನ್ ಮಾಡುತ್ತಾರೆ, ಆ ನಂಬರಿನಿಂದಲೇ ಎಷ್ಟೋ ಕಟ್ಟುಗಳು ಮನೆ ಸೇರಿವೆ.

ಮಳೆಯದು ಇನ್ನೂ ದೊಡ್ಡ ತಲೆನೋವು. ಜಿಲ್ಲೆಗೆ ರೈಲಿಲ್ಲ, ಬರುವುದೆಲ್ಲ ರಸ್ತೆಯಲ್ಲೇ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿ ರಸ್ತೆಗಳೇ ಹೋಗಿದ್ದನ್ನು ನೀವೆಲ್ಲ ದೂರದಿಂದ ನೋಡಿ ಅತ್ತಿದ್ದೀರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನನ್ನೂ ಕಳಿಸಬೇಡಿ ಎಂದು ಭಾವನಿಗೆ ಹೇಳಿಬಿಟ್ಟಿದ್ದೇವೆ. ಈ ಪತ್ರಿಕೆಗಳ ನುಣುಪು ಕಾಗದಕ್ಕೆ ಬಿಳಿ ಜೇಡಿಯ ಲೇಪ ಇರುತ್ತದೆ. ಒಮ್ಮೆ ತೇವ ಹೀರಿ ಒಣಗಿತೋ, ಹಾಳೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಬಿಡಿಸಲು ಹೋದರೆ ಬಣ್ಣ ಸಮೇತ ಕಿತ್ತು ಬರುತ್ತದೆ. ಮನೆಯೊಳಗಿದ್ದರೂ ಬೂಷ್ಟು ಬಿಡುವುದಿಲ್ಲ. ಮಳೆಗಾಲದಲ್ಲಿ ರೇಷ್ಮೆ ಸೀರೆಗೆಂದು ಬಲ್ಬು ಉರಿಸುವ ಕಪಾಟಿನಲ್ಲೇ ಕೆಳಗಿನ ಖಾನೆ ಮಗಳ ಪತ್ರಿಕೆಗಳಿಗೆ.

ತಡವಾಗಿ ಬಂದರೆ ಹಳತಾಯಿತು ಎಂಬ ಚಿಂತೆ ಬೇಡ. ಅಲ್ಲಿನ ಋತುವಿಗೂ ನಮ್ಮದಕ್ಕೂ ಮೊದಲೇ ತಾಳೆಯಿಲ್ಲ. ಆಸ್ಟ್ರೇಲಿಯಾದ ಡಿಸೆಂಬರ್ ಸಂಚಿಕೆಯ ತುಂಬ ಮಾವಿನಹಣ್ಣು. ಮೇ ತಿಂಗಳಲ್ಲಿ ಕೈಗೆ ಸಿಕ್ಕಿದರೆ ಅದೇ ನಮಗೆ ಸರಿಯಾದ ಕಾಲ! ಅಂದಹಾಗೆ ಆಸ್ಟ್ರೇಲಿಯಾದ ಟೇಬಲ್ ಸ್ಪೂನ್ 20 ಎಂ.ಎಲ್., ಅಮೆರಿಕದ್ದು 15. ಕೇಕಿಗೆ ಕೂರುವ ಮೊದಲು ಮಕ್ಕಳಿಗೆ ಹೇಳಿಕೊಡಿ.

ಹಲವು ವರ್ಷಗಳ ಚಂದಾ ಒಟ್ಟಿಗೆ ಕಟ್ಟಬೇಡಿ. ಪತ್ರಿಕೆಯೇ ನಿಂತುಹೋಗಬಹುದು: 1941ರಿಂದ ನಡೆದ ಅಮೆರಿಕದ ಅಡುಗೆ ಪತ್ರಿಕೆ ಗೋರ್ಮೆ 2009ರಲ್ಲಿ ನಿಂತೇಹೋಯಿತು, ಲಕ್ಕಿ ಪೀಚ್ 2017ರಲ್ಲಿ, ಆಸ್ಟ್ರೇಲಿಯಾದ ಡಾನಾ ಹೇ ಪತ್ರಿಕೆ 2018ರಲ್ಲಿ. ಹೊರಡುವ ಮೊದಲು ಅಲ್ಲಿನ ಲೈಬ್ರರಿ ಕಾರ್ಡನ್ನು ನವೀಕರಿಸಿಕೊಳ್ಳಿ. ಲೈಬ್ರರಿಯ ಪುಸ್ತಕ-ಪತ್ರಿಕೆಗಳನ್ನು ಫೋನಿನಲ್ಲೇ ಓದಿಸುವ ಲಿಬ್ಬಿ ಆ್ಯಪಿನಲ್ಲಿ ಪತ್ರಿಕೆಗಳಿಗೆ ಸರದಿ ಕಾಯಬೇಕಿಲ್ಲ, ಹಳೆಯ ಸಂಚಿಕೆಗಳೂ ಸಿಗುತ್ತವೆ. ಕಾರ್ಡಿನ ಅವಧಿ ಇರುವಷ್ಟು ದಿನ ಇಲ್ಲಿಂದಲೂ ಓದಬಹುದು. ಬೆಂಗಳೂರಿಗೆ ಹೋದಾಗ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಗಳನ್ನೂ ಒಮ್ಮೆ ಹುಡುಕಿ.

ಆದರೂ ಅಡುಗೆಮನೆಯ ಕಟ್ಟೆಯ ಮೇಲೆ ತೆರೆದಿಡಲು ಕಾಗದವೇ ಬೇಕು ಎನ್ನುವವಳು ನಾನು. ನನ್ನ ಮಗಳು ಓದಲು ಕಲಿತಂದಿನಿಂದ ಆ ಪುಟಗಳ ಜೊತೆ ಬೆಳೆದವಳು. ಶಾಲೆ, ಗೆಳತಿಯರು, ಮಾತು ಎಲ್ಲವೂ ಒಟ್ಟಿಗೆ ಬದಲಾದ ಆ ಮೊದಲ ಮಳೆಗಾಲದಲ್ಲಿ ಅವಳಿಗೆ ಪರಿಚಿತವಾಗಿ ಉಳಿದಿದ್ದು ಅವು ಮಾತ್ರ. ಅದನ್ನೂ ಕಿತ್ತುಕೊಂಡು "ಇನ್ನು ನೀನು ಊರಿನವಳು" ಅನ್ನಲು ನನಗೆ ಮನಸ್ಸಾಗಲಿಲ್ಲ. ಈಗ ನೋಡಿ, ಪತ್ರಿಕೆಯಲ್ಲಿ ಕಲಿತ ರೀತಿಯಲ್ಲೇ ಅತ್ತೆಯ ಅಡುಗೆಗಳನ್ನು ಬರೆದಿಡುತ್ತಿದ್ದಾಳೆ. ಅಕ್ಕಿ ತರಿಯ ಉಂಡೆ ಕಡಂಬುಟ್ಟಿಗೆ ತರಿ ಹಾಕುವಾಗ ತಕ್ಕಡಿ ಹಿಡಿದು ಪಕ್ಕದಲ್ಲಿ ನಿಲ್ಲುತ್ತಾಳೆ, ಅತ್ತೆಯ ಪ್ರತಿ ಹಿಡಿಯನ್ನೂ ತೂಗಿಯೇ ಪಾತ್ರೆಗೆ ಬಿಡುವುದು. "ತೂಕ ಯಾಕೆ ಪುಟ್ಟಿ, ಕೈಗೆ ಗೊತ್ತಾಗ್ತದೆ" ಅಂದರೆ, "ನಿಮ್ಮ ಹಿಡಿ ದೊಡ್ಡದು ಅಜ್ಜಿ, ನಂದು ಚಿಕ್ಕದು" ಅನ್ನುತ್ತಾಳೆ. ಬಾಲ್ಸಾಮಿಕ್ ವಿನೆಗರ್ ಕೇಳುವ ಒಂದು ಹಂದಿಮಾಂಸದ ಅಡುಗೆಗೆ ಕಾಚಂಪುಳಿ ಹಾಕಿ ನೋಡಿದ್ದೂ ಅವಳೇ. ಕಾಚಂಪುಳಿ ಹುಳಿ ಜಾಸ್ತಿ, ಅರ್ಧದಷ್ಟು ಸಾಕು, ಒಂದು ಚೂರು ಬೆಲ್ಲ ಬೇಕು ಎಂದು ಆ ಪುಟದ ಅಂಚಿನಲ್ಲೇ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾಳೆ.

ಅಕ್ಕ, ನಿಮ್ಮ ಮಗ ಓದುವ ಪತ್ರಿಕೆಗಳ ಹೆಸರು ಇಲ್ಲೇ ಬರೆಯಿರಿ. ನಮ್ಮ ಭಾವ ಏಪ್ರಿಲ್‌ನಲ್ಲಿ ಬರುವವರಿದ್ದಾರೆ, ಮೊದಲ ಕಟ್ಟನ್ನು ಅವರ ಮನೆಗೆ ಕಳಿಸಿದರೆ ಗೋಣಿಕೊಪ್ಪಕ್ಕೆ ನಾವೇ ತಲುಪಿಸುತ್ತೇವೆ. ನ್ಯೂಜೆರ್ಸಿ ಸುತ್ತಮುತ್ತ ಇರುವ ಬೇರೆ ಯಾರಿಗಾದರೂ ಬೇಕಿದ್ದರೆ ಈಗಲೇ ಹೇಳಿ, ಅವರ ಸೂಟ್‌ಕೇಸಿನಲ್ಲಿ ಇನ್ನೂ ಜಾಗ ಇದೆ.