ಎರಡೂವರೆ ಗಂಟೆ ಓಡುವ ಇಕೋ ಮೋಡ್‌ನಲ್ಲಿ ಕರೆಂಟ್ ಹೇಗೆ ಉಳಿಯುತ್ತದೆ?

ಒದ್ದೆಕಾಲ್ಚೀಲ:
ಎಲ್ಲರಿಗೂ ನಮಸ್ಕಾರ. ನಮ್ಮದು 7 ಕೆಜಿ ಫ್ರಂಟ್ ಲೋಡ್ ಮೆಷಿನ್. ಮನೆಯಲ್ಲಿ ನಾಲ್ಕು ಜನ. ಇದರಲ್ಲಿ ಇಕೋ ಅಂತ ಒಂದು ಮೋಡ್ ಇದೆ, ಹಾಕಿದರೆ ಎರಡೂವರೆ ಗಂಟೆ ತಿರುಗುತ್ತಲೇ ಇರುತ್ತದೆ. ಅಷ್ಟು ಹೊತ್ತು ಓಡಿ ಕರೆಂಟ್ ಉಳಿಸುವುದು ಹೇಗೆ ಅಂತ ನನ್ನ ತಲೆಗೆ ಹೋಗುತ್ತಿಲ್ಲ. ಅದಕ್ಕೇ 30 ನಿಮಿಷದ ಕ್ವಿಕ್ ವಾಷ್ ಅನ್ನು 40 ಡಿಗ್ರಿಗೆ ಇಟ್ಟು ದಿನಾ ಸ್ವಲ್ಪ ಸ್ವಲ್ಪ ಬಟ್ಟೆ ಹಾಕುತ್ತಿದ್ದೇನೆ. ಬಿಲ್ ಇಳಿದಿಲ್ಲ, ನೀರೂ ಜಾಸ್ತಿ ಹೋಗುತ್ತಿರುವ ಹಾಗಿದೆ. ಎಲ್ಲಿ ಎಡವುತ್ತಿದ್ದೇನೆ? ನಮ್ಮತ್ತೆ ಕೈಯಲ್ಲಿ ಒಗೆದರೆ ಎರಡೂ ಉಳಿಯುತ್ತದೆ ಅನ್ನುತ್ತಾರೆ, ಅದಾದರೂ ನಿಜವಾ?

ಪ್ಲಗ್‌ಪಾಯಿಂಟ್:
ಗಡಿಯಾರ ನೋಡಬೇಡಿ, ಹೀಟರ್ ನೋಡಿ. ಡ್ರಮ್ ತಿರುಗಿಸಲು ಹೆಚ್ಚು ಕರೆಂಟ್ ಬೇಕಿಲ್ಲ, ತಿನ್ನುವುದು ನೀರು ಕಾಯಿಸುವ ಕೆಲಸ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 4.2 ಕಿಲೋಜೂಲ್ ಬೇಕು, ಒಂದು ಯೂನಿಟ್ ಅಂದರೆ 3600 ಕಿಲೋಜೂಲ್. ಒಗೆಯುವ ಹಂತಕ್ಕೆ 15 ಲೀಟರ್ ನೀರು, ನಲ್ಲಿಯಲ್ಲಿ ಬರುವುದು 25 ಡಿಗ್ರಿ ಅಂದುಕೊಳ್ಳಿ. 40ಕ್ಕೆ ಏರಿಸಲು ಕಾಲು ಯೂನಿಟ್ ದಾಟುತ್ತದೆ, 60ಕ್ಕೆ ಏರಿಸಲು 0.6 ಯೂನಿಟ್. ಬಟ್ಟೆ, ಡ್ರಮ್ ಎಲ್ಲಾ ಬಿಸಿಯಾಗಬೇಕಲ್ಲ, ಅದು ಬೇರೆ. ಕೋಲ್ಡ್‌ನಲ್ಲಿ ಇದು ಪೂರ್ತಿ ಸೊನ್ನೆ.

ಇಕೋ ಮಾಡುವುದು ಇಷ್ಟೇ: ಬಿಸಿ ಕಡಿಮೆ ಮಾಡಿ ಆ ಕೆಲಸವನ್ನು ಸಮಯದ ಕೈಲಿ ಮಾಡಿಸುತ್ತದೆ. ನಮ್ಮ ಅಜ್ಜಿಯಂದಿರು ರಾತ್ರಿ ನೆನೆಹಾಕಿ ಬೆಳಿಗ್ಗೆ ಒಗೆಯುತ್ತಿದ್ದರಲ್ಲ, ಅದೇ ಲೆಕ್ಕ. ಕ್ವಿಕ್ ಇರುವುದು ಒಂದೆರಡು ಕೆಜಿ, ಅದೂ ಅಷ್ಟೇನೂ ಕೊಳೆಯಿಲ್ಲದ ಬಟ್ಟೆಗೆ. ನೀವು ಒಂದು ಲೋಡನ್ನು ಮೂರು ಮಾಡಿ ಮೂರು ಸಲ ನೀರು ಕಾಯಿಸುತ್ತಿದ್ದೀರಿ, ಮೂರು ಸಲ ರಿನ್ಸ್ ಮಾಡಿಸುತ್ತಿದ್ದೀರಿ. ಅರ್ಧ ಬಟ್ಟೆ ಹಾಕಿದ ಮಾತ್ರಕ್ಕೆ ಮೆಷಿನ್ ಅರ್ಧ ನೀರಲ್ಲಿ ಮುಗಿಸುವುದಿಲ್ಲ. ತುಂಬಿಸಿ ಹಾಕಿ. ಆದರೆ ತುರುಕಬೇಡಿ, ಬಟ್ಟೆಯ ಮೇಲೆ ಅಂಗೈ ಆಡುವಷ್ಟು ಜಾಗ ಇರಲಿ.

ಇನ್ನೊಂದು, ಡ್ರೈಯರ್ ಬಳಸುವವರು ಮೊದಲು ಸ್ಪಿನ್ ಜಾಸ್ತಿ ಮಾಡಿ. ಬಟ್ಟೆಯಲ್ಲಿ ಉಳಿದ ಒಂದು ಲೀಟರ್ ನೀರನ್ನು ಆವಿ ಮಾಡಲು 0.6 ಯೂನಿಟ್‌ಗೂ ಜಾಸ್ತಿ ಶಾಖ ಬೇಕು. ಅದೇ ನೀರನ್ನು ತಿರುಗಿಸಿ ಎಸೆಯಲು ಅದರಲ್ಲೊಂದು ಚೂರು ಸಾಕು. ಹಗ್ಗದ ಮೇಲೆ ಒಣಹಾಕುವವರಿಗೆ ಈ ಚಿಂತೆಯೇ ಇಲ್ಲ ಬಿಡಿ.

ಎರಡುಬಕೆಟ್:
ಅತ್ತೆಯವರ ಪರವಾಗಿ ನಾನು ಬಂದೆ. ಕರೆಂಟ್ ಉಳಿಯುವುದಂತೂ ಖಂಡಿತ. ನೀರು ಉಳಿಯುತ್ತದಾ ಅನ್ನುವುದು ಅವರು ಜಾಲಿಸುವ ರೀತಿ ಮೇಲಿದೆ. ನಲ್ಲಿ ಬಿಟ್ಟುಕೊಂಡು ಜಾಲಿಸಿದರೆ ನಿಮ್ಮ ಮೆಷಿನ್ನೇ ಗೆಲ್ಲುತ್ತದೆ.

ಬಕೆಟ್‌ನಲ್ಲಾದರೆ ಒಂದು ಲೆಕ್ಕ ಹೇಳುತ್ತೇನೆ. ಸೋಪಿನಿಂದ ತೆಗೆದು ಹಿಂಡಿದ ಬಟ್ಟೆಯಲ್ಲಿ 2 ಲೀಟರ್ ಸೋಪಿನ ನೀರು ಉಳಿದಿದೆ ಅಂದುಕೊಳ್ಳಿ. ಅದನ್ನು 20 ಲೀಟರ್ ನೀರಲ್ಲಿ ಒಂದೇ ಸಲ ಜಾಲಿಸಿ ಹಿಂಡಿದರೆ ಸೋಪು 11ರಲ್ಲಿ ಒಂದು ಪಾಲು ಉಳಿಯುತ್ತದೆ. ಅದೇ 20 ಲೀಟರನ್ನು 10-10 ಅಂತ ಎರಡು ಸಲ ಮಾಡಿದರೆ 36ರಲ್ಲಿ ಒಂದು ಪಾಲು. ನೀರು ಅಷ್ಟೇ, ಬಟ್ಟೆ ಮೂರು ಪಟ್ಟು ಸ್ವಚ್ಛ! ಪ್ರತಿ ಸಲ ಇನ್ನೂ ಗಟ್ಟಿಯಾಗಿ ಹಿಂಡಿ 1 ಲೀಟರ್ ಮಾತ್ರ ಉಳಿಸಿದರೆ 121ರಲ್ಲಿ ಒಂದು. ನನಗೆ ಇದು ಗೊತ್ತಾಗುವವರೆಗೆ ನೊರೆ ಹೋಗಲಿಲ್ಲ ಅಂತ ದೊಡ್ಡ ಟಬ್ ತುಂಬಿಸಿ ತುಂಬಿಸಿ ಚೆಲ್ಲುತ್ತಿದ್ದೆ, ಹಿಂಡುವುದಕ್ಕೆ ಮಾತ್ರ ಸೋಮಾರಿತನ. ಸೆಮಿ ಆಟೋಮ್ಯಾಟಿಕ್ ಇರುವವರು ಜಾಲಿಸುವ ಮೊದಲೇ ಒಂದು ನಿಮಿಷ ಸ್ಪಿನ್ನರ್‌ಗೆ ಹಾಕಿ ತೆಗೆಯಿರಿ, ಆಮೇಲೆ ನೀರು ಎಷ್ಟು ಸಾಕಾಗುತ್ತದೆ ಅಂತ ನೀವೇ ನೋಡಿ. ಎರಡನೇ ಸಲ ಜಾಲಿಸಿದ ನೀರು ಹೆಚ್ಚು ಕಮ್ಮಿ ತಿಳಿಯಾಗಿಯೇ ಇರುತ್ತದೆ, ಮುಂದಿನ ಸರದಿಯ ಮೊದಲ ಜಾಲಿಕೆಗೆ ಅದೇ ಆಗುತ್ತದೆ.

ನೊರೆರಾಯ:
ಎಲ್ಲಾ ಸರಿ, ಆದರೆ ವರ್ಷಪೂರ್ತಿ ಬರೀ ಕೋಲ್ಡ್ ಅನ್ನುವುದಕ್ಕೆ ನನ್ನ ತಕರಾರಿದೆ. ನಾನು ಹಾಗೇ ಮಾಡಿ, ಬಾಗಿಲಿನ ರಬ್ಬರ್ ಮಡಿಕೆಯಲ್ಲಿ ಕಪ್ಪು ಲೋಳೆ ಕಟ್ಟಿ, ಒಗೆದ ಟವೆಲ್ ಒಗೆಯದೇ ಇದ್ದಿದ್ದಕ್ಕಿಂತ ನಾರುತ್ತಿತ್ತು. ಆಮೇಲೆ ಅದನ್ನು ಮತ್ತೆ ಒಗೆದೆ, ಉಳಿಸಿದ್ದೆಲ್ಲಾ ಅಲ್ಲಿಗೆ ಸರಿಹೋಯಿತು. ಈಗ ದಿನದ ಬಟ್ಟೆಗೆ ಕೋಲ್ಡ್, ಟವೆಲ್ ಮತ್ತು ಹುಷಾರಿಲ್ಲದವರ ಹಾಸಿಗೆ ಬಟ್ಟೆಗೆ 60. ತಿಂಗಳಿಗೊಮ್ಮೆ ಖಾಲಿ ಡ್ರಮ್ಮನ್ನು ಬಿಸಿ ನೀರಲ್ಲಿ ಓಡಿಸುತ್ತೇನೆ. ಒಗೆದಾದ ಮೇಲೆ ಬಾಗಿಲು ತೆರೆದೇ ಇಡುತ್ತೇನೆ.

ಪುಡಿ ಎಷ್ಟು ಹಾಕುತ್ತೀರಿ ಅಂತ ಯಾರೂ ಕೇಳಲೇ ಇಲ್ಲ! ಜಾಸ್ತಿ ಪುಡಿ, ಜಾಸ್ತಿ ನೊರೆ. ನೊರೆ ಗುರುತಿಸುವ ಮೆಷಿನ್‌ಗಳು ತಾವೇ ಇನ್ನೊಂದು ರಿನ್ಸ್ ಸೇರಿಸಿಕೊಳ್ಳುತ್ತವೆ. ತಣ್ಣೀರಲ್ಲಿ ಕೆಲವು ಪುಡಿ ಸರಿಯಾಗಿ ಕರಗುವುದೂ ಇಲ್ಲ, ಕಪ್ಪು ಬಟ್ಟೆಯ ಮೇಲೆ ಬಿಳಿ ಗೀರು ಕಂಡರೆ ಲಿಕ್ವಿಡ್‌ಗೆ ಬದಲಾಯಿಸಿ. ಕಾಲರ್, ತೋಳಿನ ಅಂಚಿಗೆ ಮೊದಲೇ ಸ್ವಲ್ಪ ಸವರಿ ಹದಿನೈದು ನಿಮಿಷ ಬಿಟ್ಟರೆ 40 ಡಿಗ್ರಿಯ ಅವಶ್ಯಕತೆಯೇ ಬರುವುದಿಲ್ಲ.

ಒದ್ದೆಕಾಲ್ಚೀಲ:
ಥ್ಯಾಂಕ್ಸ್, ಪುಡಿ ವಿಷಯದಲ್ಲಿ ನಾನೂ ಕಳ್ಳಿಯೇ, ಮುಚ್ಚಳ ತುಂಬಾ ಸುರಿಯುತ್ತಿದ್ದೆ. ಇವತ್ತಿಂದ ಎರಡು ದಿನಕ್ಕೊಮ್ಮೆ ಫುಲ್ ಲೋಡ್, ಇಕೋ ಮೋಡ್. ಕೊನೆಯ ರಿನ್ಸ್ ನೀರು ಹಿಡಿದಿಟ್ಟುಕೊಳ್ಳೋಣ ಅಂತ ಡ್ರೈನ್ ಪೈಪನ್ನು ನೆಲದ ಮೇಲಿನ ಬಕೆಟ್‌ಗೆ ಬಿಟ್ಟೆ, ಮೆಷಿನ್ ನೀರು ತುಂಬಿಸಿಕೊಳ್ಳುತ್ತಲೇ ಇದೆ, ನಿಲ್ಲುತ್ತಲೇ ಇಲ್ಲ. ಕೆಟ್ಟುಹೋಯಿತಾ?

ಪ್ಲಗ್‌ಪಾಯಿಂಟ್:
ಕೆಟ್ಟಿಲ್ಲ, ಮೊದಲು ಪೈಪ್ ಎತ್ತಿ! ಪೈಪಿನ ತುದಿ ಡ್ರಮ್ಮಿನ ನೀರಿಗಿಂತ ಕೆಳಗಿದ್ದರೆ ನೀರು ತಾನಾಗಿಯೇ ಸೈಫನ್ ಆಗಿ ಹರಿದುಹೋಗುತ್ತದೆ, ತುಂಬಿಲ್ಲ ಅಂತ ಮೆಷಿನ್ ಮತ್ತೆ ಮತ್ತೆ ಎಳೆದುಕೊಳ್ಳುತ್ತದೆ. ಎತ್ತರ ಎಷ್ಟಿರಬೇಕು ಅಂತ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಸಾಮಾನ್ಯವಾಗಿ ಸೊಂಟದ ಮಟ್ಟ. ಬಕೆಟನ್ನು ಸ್ಟೂಲ್ ಮೇಲೆ ಇಟ್ಟು ಪೈಪನ್ನು ಅದರ ಬಾಯಿಗೆ ಕಟ್ಟಿ. ಸುಮ್ನೆ ಸಿಕ್ಕಿಸಿದರೆ ಪಂಪ್ ಶುರುವಾದಾಗ ಹಾರಿ ನಿಮ್ಮ ಮೇಲೇ ಬೀಳುತ್ತದೆ. ಆ ನೀರು ನೆಲ ಒರೆಸಲು, ಟಾಯ್ಲೆಟ್‌ಗೆ ಸುರಿಯಲು ಚೆನ್ನ. ಅವತ್ತೇ ಖಾಲಿ ಮಾಡಿ, ಇಟ್ಟರೆ ನಾರುತ್ತದೆ.