ಸಹಾಯ ಬೇಕು: ಕೆನಡಾ ರಾಕೀಸ್ ಕೋಚ್ ಟೂರ್, ಅಪ್ಪ ಅಮ್ಮನ ಜೊತೆ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ಅಪ್ಪ ಅಮ್ಮ ಸೆಪ್ಟೆಂಬರ್‌ನಲ್ಲಿ ವ್ಯಾಂಕೂವರ್‌ಗೆ ಬರುತ್ತಿದ್ದಾರೆ. ರಾಕೀಸ್ ಬೆಟ್ಟಗಳ ನಡುವಿನ ಬ್ಯಾನ್ಫ್, ಜಾಸ್ಪರ್ ತೋರಿಸಬೇಕು ಅಂತ ನನಗೆ ತುಂಬಾ ಆಸೆ. ಇಲ್ಲಿಂದ ಬ್ಯಾನ್ಫ್‌ಗೆ ಸುಮಾರು 850 ಕಿ.ಮೀ. ನಾನೇ ಕಾರು ಓಡಿಸಿದರೆ ಬೆಟ್ಟ ನೋಡುವುದೆಲ್ಲಿ, ರಸ್ತೆ ನೋಡುವುದೇ ಆಗುತ್ತದೆ ಅಲ್ವಾ? ಜೊತೆಗೆ 2023ರಿಂದ ಬ್ಯಾನ್ಫ್ ಕಡೆಯ ಮೊರೇನ್ ಲೇಕ್ ರಸ್ತೆಗೆ ಸ್ವಂತ ಕಾರು ಬಿಡುತ್ತಿಲ್ಲ. ಅದಕ್ಕೇ ಗೈಡ್ ಇರುವ ಕೋಚ್ ಟೂರ್ ಯೋಚಿಸಿದ್ದೇನೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಮೊದಲ ಚಿಂತೆ ಅಪ್ಪನ ಮಂಡಿ. ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ ನಿಲ್ಲುತ್ತಾರೆ. ದಿನಕ್ಕೆ ಎಷ್ಟು ಸಲ ಇಳಿದು ಹತ್ತಬೇಕಾಗುತ್ತದೆ? ಅಥಾಬಾಸ್ಕ ಹಿಮನದಿಯ ಮೇಲೆ ಹೋಗುವ ಆ ದೊಡ್ಡ ಚಕ್ರದ ಬಸ್ಸು ಅವರಿಗೆ ಆಗುತ್ತದಾ?

ಅಮ್ಮ ಮೊಟ್ಟೆ ಕೂಡ ತಿನ್ನುವುದಿಲ್ಲ. ಕುಕ್ಕರ್, ಅವಲಕ್ಕಿ, ಚಟ್ನಿಪುಡಿ ಒಯ್ಯುತ್ತೇವೆ. ಹೋಟೆಲ್ ರೂಮಿನಲ್ಲಿ ಅನ್ನ ಮಾಡಿದರೆ ತಕರಾರು ಮಾಡುತ್ತಾರಾ?

ಲೇಕ್ ಲೂಯಿಸ್‌ನಿಂದ ಜಾಸ್ಪರ್‌ವರೆಗಿನ 232 ಕಿ.ಮೀ. ಐಸ್‌ಫೀಲ್ಡ್ಸ್ ಪಾರ್ಕ್‌ವೇ ರಸ್ತೆ ಮಾತ್ರ ತಪ್ಪಿಸಲ್ಲ. ಉತ್ತರಕ್ಕೆ ಹೋಗುವಾಗ ಬೋ ಲೇಕ್, ಪೇಟೊ ಲೇಕ್, ಅಥಾಬಾಸ್ಕ ಎಲ್ಲ ಎಡಗಡೆಗೆ. ಕೆಲವು ಟೂರ್‌ಗಳಲ್ಲಿ ದಿನಾ ಸೀಟು ಬದಲಾಯಿಸುತ್ತಾರಂತೆ. ಆ ಒಂದು ದಿನ ಎಡಗಡೆ ಕಿಟಕಿ ಕೇಳಿದರೆ ಕೊಡುತ್ತಾರಾ? ಎಲ್ಲ ಕಡೆ ಹತ್ತು ನಿಮಿಷ ಫೋಟೊಗೆ ನಿಲ್ಲಿಸಿ ಓಡಿಸುವ ಟೂರ್ ನಮಗೆ ಬೇಡ. ಜಾಗ ಕಡಿಮೆ ಆದರೂ ಪರವಾಗಿಲ್ಲ, ಕೆರೆ ದಡದಲ್ಲಿ ಸುಮ್ನೆ ಕೂರಲು ಸಮಯ ಬೇಕು.

ಕನ್ನಡದವರೇ ಸೇರಿ ಹೊರಟ ಗುಂಪಿದ್ದರೆ ಖಂಡಿತ ತಿಳಿಸಿ. ಅಮ್ಮನಿಗೆ ದಾರಿಯುದ್ದಕ್ಕೂ ಮಾತಿಗೆ ಜನ ಸಿಗುತ್ತಾರೆ.